ಜಪಾನಿನಿಂದ ಬಂದ ಕಾರಿಗೆ ಸ್ಟೇರಿಂಗ್ ಗುಂಡಿ, ಕ್ರೂಸ್ ಕಂಟ್ರೋಲ್: ನಾನು ಮಾಡಿದ ಬಗೆ

ಜಪಾನಿನಿಂದ ತರಿಸಿದ ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಮೊದಲು ಕೈಕೊಡುವುದು ರೇಡಿಯೋ. ಅಲ್ಲಿನ ಎಫ್‌ಎಂ 76 ಮೆಗಾಹರ್ಟ್ಸ್‌ನಿಂದ ಶುರುವಾಗಿ 90ಕ್ಕೋ 95ಕ್ಕೋ ಮುಗಿದುಹೋಗುತ್ತದೆ. ಬೇರೆ ಹೆಚ್ಚಿನ ದೇಶಗಳಲ್ಲಿ 87.5ರಿಂದ 108ರವರೆಗೆ ಇರುತ್ತದೆ. ಹಾಗಾಗಿ ಬಹಳಷ್ಟು ಸ್ಟೇಷನ್ ಹಿಡಿಯುವುದೇ ಇಲ್ಲ, ಜೊತೆಗೆ ನ್ಯಾವಿಗೇಷನ್ ಜಪಾನಿ ಭಾಷೆಯಲ್ಲೇ ಮಾತಾಡುತ್ತಿರುತ್ತದೆ, ಕೊನೆಗೆ ಆ ಸೆಟ್ ಕಿತ್ತು ಹೊಸದು ಹಾಕದೆ ಬೇರೆ ದಾರಿ ಇರುವುದಿಲ್ಲ. ನಾನೂ ಹಾಕಿದೆ. ಹೊಸ ಸೆಟ್ಟಿನ ಹಿಂದೆ ‘ಕೀ 1’, ‘ಕೀ 2’ ಅಂತ ಬರೆದ ಎರಡು ವೈರು ಸುಮ್ನೆ ಜೋತಾಡುತ್ತಿದ್ದವು. ಅವು ಸ್ಟೇರಿಂಗ್ ಗುಂಡಿಗಳಿಗೆ ಅಂತಲೇ ಕೊಟ್ಟ ವೈರು. ನನ್ನ ಸ್ಟೇರಿಂಗಿನಲ್ಲಿ ಗುಂಡಿಗಳೇ ಇರಲಿಲ್ಲ.

ಕಾರು 2000ದ ದಶಕದ ಟೊಯೊಟಾ, ಆಟೋಮ್ಯಾಟಿಕ್, ಬೇಸ್ ಮಾಡೆಲ್. ಇದೇ ಕಾರಿನ ಮೇಲಿನ ಮಾಡೆಲ್‌ಗಳಲ್ಲಿ ಆಡಿಯೋ ಗುಂಡಿಯೂ ಇದೆ, ಕ್ರೂಸ್ ಕಂಟ್ರೋಲೂ (ಆಕ್ಸಿಲರೇಟರ್ ಒತ್ತದೆಯೇ ಕಾರು ಒಂದೇ ವೇಗದಲ್ಲಿ ಹೋಗುವ ಸೌಲಭ್ಯ) ಇದೆ. ನನ್ನದರಲ್ಲಿ ಗುಂಡಿ ಕೂರಬೇಕಾದ ಜಾಗಕ್ಕೆ ಪ್ಲಾಸ್ಟಿಕ್ ಮುಚ್ಚಳ ಹಾಕಿದ್ದರು. ಕ್ರೂಸ್ ಲಿವರ್ ಕೂರುವ ಕಡೆ ಎರಡು ಸ್ಕ್ರೂ ತೂತುಗಳು ಖಾಲಿ. ಅಂದರೆ ಜಾಗ ಮೊದಲೇ ಮಾಡಿಟ್ಟಿದ್ದಾರೆ, ಸಾಮಾನು ಹಾಕಿಲ್ಲ ಅಷ್ಟೇ.

ಸ್ಟೇರಿಂಗ್ ಮೇಲೆ ಬೆಲ್ಟ್ ಹಾಗೆ ಕಟ್ಟಿಕೊಳ್ಳುವ ವೈರ್‌ಲೆಸ್ ಗುಂಡಿಗಳೂ ಸಿಗುತ್ತವೆ. ನನಗೆ ಅವು ಬೇಡವೇ ಬೇಡ. ಏರ್‌ಬ್ಯಾಗ್ ಹತ್ತಿರ ಸಡಿಲವಾದ ಪ್ಲಾಸ್ಟಿಕ್ ಕೂರಿಸುವ ಕೆಲಸ ಯಾಕೆ ಬೇಕು? ಕಂಪನಿಯ ಸಾಮಾನನ್ನೇ ಹುಡುಕುವುದು ಅಂತ ನಿರ್ಧಾರ ಮಾಡಿದೆ. ಬೇಕಾದ್ದು ಆಡಿಯೋ ಗುಂಡಿಯ ಪ್ಯಾಡ್, ಕ್ರೂಸ್ ಲಿವರ್, ಲಿವರ್ ಹೊರಬರಲು ಕಂಡಿ ಇರುವ ಕೆಳಗಿನ ಮುಚ್ಚಳ, ಮತ್ತು ಇವೆಲ್ಲಕ್ಕೂ ವೈರು ಕೊಡುವ ಸ್ಪೈರಲ್ ಕೇಬಲ್.

ಆದರೆ ಇದನ್ನೆಲ್ಲ ಕೊಳ್ಳುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು. ಎಂಜಿನ್ನಿನ ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ, ಕ್ರೂಸ್ ಕಂಟ್ರೋಲ್ ಗೊತ್ತಿದೆಯಾ? ಆಕ್ಸಿಲರೇಟರಿನಿಂದ ಥ್ರಾಟಲ್‌ಗೆ (ಎಂಜಿನ್ನಿಗೆ ಗಾಳಿ ಬಿಡುವ ಕವಾಟ) ಕೇಬಲ್ ಎಳೆದಿರುವ ಹಳೆಯ ಕಾರಾದರೆ ಆ ಕೇಬಲ್ ಎಳೆಯಲು ಬೇರೆಯೇ ಒಂದು ಯಂತ್ರ ಬೇಕು, ಅದು ಇನ್ನೊಂದು ದೊಡ್ಡ ಕೆಲಸ. ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ಥ್ರಾಟಲ್ ತೆರೆಯುವ ಮೋಟಾರ್ ಆಗಲೇ ಅಲ್ಲಿದೆ, ಅದನ್ನು ಆಡಿಸುವುದು ಇಸಿಯು. ಹಾಗಾಗಿ ಇಂಥ ಎಷ್ಟೋ ಟೊಯೊಟಾಗಳಲ್ಲಿ ಕ್ರೂಸ್ ಅಂದರೆ ಇಸಿಯು ಒಳಗಿನ ಸಾಫ್ಟ್‌ವೇರ್ ಮತ್ತು ಹೊರಗಿನ ಒಂದು ಸ್ವಿಚ್, ಅಷ್ಟೇ. ಕೆಲವು ಇಸಿಯುಗಳಲ್ಲಿ ಆ ಸಾಫ್ಟ್‌ವೇರ್ ಇರುವುದಿಲ್ಲ. ಅಂಥದ್ದಕ್ಕೆ ಎಷ್ಟು ವೈರು ಎಳೆದರೂ ಪ್ರಯೋಜನವಿಲ್ಲ.

ನಾನು ಮೊದಲು ಆ ಮಾಡೆಲ್‌ನ ವೈರಿಂಗ್ ನಕ್ಷೆ ನೋಡಿದೆ. ಇಸಿಯುನಲ್ಲಿ ‘ಸಿಸಿಎಸ್’ ಅನ್ನುವ ಪಿನ್ ಇದ್ದರೆ ಅದೇ ಕ್ರೂಸ್ ಸ್ವಿಚ್‌ನದು. ನಕ್ಷೆಯಲ್ಲಿ ಇತ್ತು. ನನ್ನ ಕಾರಿನ ಕನೆಕ್ಟರಿನಲ್ಲಿ ಆ ತೂತು ಖಾಲಿ. ಕ್ರೂಸ್ ಲಿವರ್ ಒಂದನ್ನೇ ಮೊದಲು ತರಿಸಿಕೊಂಡೆ. ಸ್ಟೇರಿಂಗ್ ಮುಟ್ಟದೆ, ಗ್ಲವ್ ಬಾಕ್ಸ್ ಬಿಚ್ಚಿ, ಬ್ಯಾಟರಿ ತೆಗೆದು, ಆ ತೂತಿಗೆ ಸರಿಯಾದ ಅಳತೆಯ ಟರ್ಮಿನಲ್ ಒತ್ತಿದ ವೈರು ಕೂರಿಸಿದೆ. ವೈರಿನ ಇನ್ನೊಂದು ತುದಿ ಲಿವರಿಗೆ, ಲಿವರಿನ ಎರಡನೇ ವೈರು ಗ್ರೌಂಡಿಗೆ. ಬ್ಯಾಟರಿ ಮತ್ತೆ ಹಾಕಿ, ಕೀ ಆನ್ ಮಾಡಿ, ಲಿವರಿನ ತುದಿಯ ಗುಂಡಿ ಒತ್ತಿದಾಗ ಮೀಟರ್ ಬೋರ್ಡಿನಲ್ಲಿ ‘ಕ್ರೂಸ್’ ದೀಪ ಹತ್ತಿತು! ಆ ದೀಪ ಅಲ್ಲಿದೆ ಅನ್ನುವುದೇ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮಿಕ್ಕ ಸಾಮಾನಿಗೆ ದುಡ್ಡು ಹಾಕಬಹುದು ಅಂತ ಧೈರ್ಯ ಬಂದದ್ದು ಆಗಲೇ. ಈ ಕೆಲಸಕ್ಕೆ ಕೈ ಹಾಕುವ ಯಾರೇ ಆಗಲಿ ಇಲ್ಲಿಂದಲೇ ಶುರುಮಾಡಿ ಅನ್ನುತ್ತೇನೆ. ಇಸಿಯುವನ್ನು ಕೇಳಿ, ಆಮೇಲೆ ಸ್ಟೇರಿಂಗ್ ಬಿಚ್ಚಿ.

ಈ ಲಿವರ್ ಹೇಗೆ ಮಾತಾಡುತ್ತದೆ ಅನ್ನುವುದು ತಿಳಿದರೆ ಮುಂದಿನದೆಲ್ಲ ಸಲೀಸು. ಒಂದೇ ವೈರಿನಲ್ಲಿ ನಾಲ್ಕು ಆಜ್ಞೆ ಹೋಗಬೇಕು. ಅದಕ್ಕೆ ಒಂದೊಂದು ಸ್ಥಾನಕ್ಕೂ ಒಂದೊಂದು ಬೇರೆ ಬೇರೆ ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಬಿಡಿಭಾಗ) ಇಟ್ಟಿದ್ದಾರೆ. ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಲಿವರಿನ ಎರಡು ಪಿನ್ನಿಗೆ ಹಿಡಿದು ನೋಡಿ. ತುದಿಯ ಆನ್-ಆಫ್ ಗುಂಡಿ ಒತ್ತಿದರೆ ಹೆಚ್ಚುಕಡಿಮೆ ಸೊನ್ನೆ. ಮೇಲಕ್ಕೆ ಎತ್ತಿದರೆ, ಅಂದರೆ ರೆಸ್ಯೂಮ್‌ಗೆ (ಬಿಟ್ಟ ವೇಗಕ್ಕೆ ಮರಳಲು), 240 ಓಮ್ ಆಸುಪಾಸು. ಕೆಳಗೆ ಒತ್ತಿದರೆ, ಅದು ಸೆಟ್ (ಈಗಿನ ವೇಗ ಹಿಡಿದಿಡಲು), 630. ನಮ್ಮ ಕಡೆಗೆ ಎಳೆದರೆ ಕ್ಯಾನ್ಸಲ್, 1540. ಕೈ ಬಿಟ್ಟರೆ ಸರ್ಕ್ಯೂಟೇ ಇಲ್ಲ. ಹಳೆಯ ಲಿವರಿನ ಒಳಗೆ ಕೊಳೆ ಕೂತಿದ್ದರೆ ಅಂಕಿ ಒಂದು ಕಡೆ ನಿಲ್ಲದೆ ಓಲಾಡುತ್ತದೆ. ಅಂಥದ್ದನ್ನು ಮುಲಾಜಿಲ್ಲದೆ ಬದಿಗಿಡಬೇಕು, ಯಾಕೆಂದರೆ ಇಸಿಯು ನೋಡುವುದು ಆ ಅಂಕಿಯನ್ನೇ.

ಮುಂದಿನದು ಬ್ರೇಕ್ ಸ್ವಿಚ್. ನನ್ನ ಪ್ರಕಾರ ಕ್ರೂಸ್ ಕಂಟ್ರೋಲಿನ ನಿಜವಾದ ಕೆಲಸ ವೇಗ ಹಿಡಿದಿಡುವುದಲ್ಲ, ಬಿಡು ಅಂದ ಕ್ಷಣ ಬಿಡುವುದು. ಪೆಡಲ್ ಮೇಲ್ಗಡೆ ಇರುವ ಸ್ವಿಚ್‌ನಲ್ಲಿ ಎರಡು ವೈರು ಇದ್ದರೆ ಅದು ಬ್ರೇಕ್ ಲೈಟಿಗೆ ಮಾತ್ರ. ನಾಲ್ಕು ಇದ್ದರೆ ಒಳಗೆ ಎರಡು ಸ್ವಿಚ್ ಇವೆ, ಒಂದಕ್ಕೊಂದು ಉಲ್ಟಾ ಕೆಲಸ ಮಾಡುತ್ತವೆ. ಪೆಡಲ್ ಬಿಟ್ಟಿರುವಾಗ ಒಂದರಲ್ಲಿ ಸೊನ್ನೆ, ಇನ್ನೊಂದರಲ್ಲಿ ಬ್ಯಾಟರಿಯ 12 ವೋಲ್ಟ್. ಪೆಡಲ್ ತುಳಿದರೆ ಅದಲು ಬದಲು. ಇಸಿಯು ಎರಡನ್ನೂ ನೋಡುತ್ತಿರುತ್ತದೆ, ಹಾಗಾಗಿ ಒಂದು ವೈರು ಕಡಿದುಹೋದರೂ ಗೊತ್ತಾಗುತ್ತದೆ. ನನ್ನ ಕಾರಿನಲ್ಲಿ ನಾಲ್ಕೂ ವೈರು ಇದ್ದವು. ಆದರೂ ಇಸಿಯು ಕನೆಕ್ಟರಿನಲ್ಲೇ ಮೀಟರ್ ಹಿಡಿದು, ಪೆಡಲನ್ನು ಕೈಯಲ್ಲಿ ಮೆಲ್ಲಗೆ ಒತ್ತುತ್ತಾ ನೋಡಿದೆ. ಪೆಡಲ್ ಒಂದಿಷ್ಟು ಅಲುಗಾಡಿದ ಕೂಡಲೇ ಎರಡೂ ಬದಲಾಗಬೇಕು. ಆಗದಿದ್ದರೆ ಸ್ವಿಚ್ ಸರಿಮಾಡಿಯೇ ಮುಂದಿನ ಮಾತು. ಎರಡು ವೈರಿನ ಸ್ವಿಚ್ ಇರುವ ಕಾರಿಗೆ ನಾಲ್ಕು ವೈರಿನದು ಹಾಕದೆ ಕ್ರೂಸ್ ಹಾಕುತ್ತೇನೆ ಅನ್ನುವವರಿಗೆ ನಾನು ಬೇಡವೆಂದೇ ಹೇಳುತ್ತೇನೆ.

ಇನ್ನು ಸ್ಪೈರಲ್ ಕೇಬಲ್. ಸ್ಟೇರಿಂಗ್ ತಿರುಗುತ್ತಲೇ ಇರುತ್ತದೆ, ಹಾರ್ನ್, ಏರ್‌ಬ್ಯಾಗ್‌ಗಳ ವೈರು ಮಾತ್ರ ತುಂಡಾಗುವುದಿಲ್ಲ ಅಲ್ವಾ, ಅದಕ್ಕೆ ಕಾರಣ ಇದು. ದುಂಡಗಿನ ಪ್ಲಾಸ್ಟಿಕ್ ಡಬ್ಬಿಯೊಳಗೆ ತೆಳ್ಳಗಿನ ಪಟ್ಟಿ ಅಳತೆ ಟೇಪಿನ ಹಾಗೆ ಸುತ್ತಿಕೊಂಡಿರುತ್ತದೆ. ಸ್ಟೇರಿಂಗ್ ಒಂದು ಕಡೆ ತಿರುಗಿದರೆ ಬಿಗಿಯಾಗುತ್ತದೆ, ಇನ್ನೊಂದು ಕಡೆ ತಿರುಗಿದರೆ ಸಡಿಲವಾಗುತ್ತದೆ. ಬೇಸ್ ಮಾಡೆಲ್‌ನ ಕೇಬಲಿನಲ್ಲಿ ಹಾರ್ನ್, ಏರ್‌ಬ್ಯಾಗ್ ಇವೆರಡಕ್ಕೆ ಮಾತ್ರ ದಾರಿ. ಅದಕ್ಕೇ ಹೊಸ ಗುಂಡಿಗಳಿಗೆ ಜಾಸ್ತಿ ವೈರು ಇರುವ ಕೇಬಲ್ ಬೇಕು. ಕೊಳ್ಳುವಾಗ ಏರ್‌ಬ್ಯಾಗಿನ ಹಳದಿ ಕನೆಕ್ಟರುಗಳು ಎಷ್ಟು, ಯಾವ ಆಕಾರ ಅಂತ ಹಳೆಯದರ ಜೊತೆ ಇಟ್ಟು ಹೋಲಿಸಬೇಕು. ಸ್ಟೆಬಿಲಿಟಿ ಕಂಟ್ರೋಲ್ (ಕಾರು ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಕಾರಾದರೆ ಇದರ ಜೊತೆಗೇ ಸ್ಟೇರಿಂಗ್ ಕೋನ ಅಳೆಯುವ ಸೆನ್ಸರ್ ಇರುತ್ತದೆ, ಅದೂ ಹೊಂದಬೇಕು.

ನನಗೆ ಮೊದಲು ಬಂದ ಹಳೆಯ ಕೇಬಲ್ ನೋಡಲು ಚೆನ್ನಾಗಿಯೇ ಇತ್ತು. ಮೇಜಿನ ಮೇಲಿಟ್ಟು, ಆಡಿಯೋ ಪಿನ್ನಿನ ಎರಡು ತುದಿಗೆ ಮೀಟರ್ ಹಿಡಿದು, ನಡುವಿನ ಭಾಗವನ್ನು ಮೆಲ್ಲಗೆ ತಿರುಗಿಸಿದೆ. ನಡುವಿನಲ್ಲಿ ಎಲ್ಲ ಸರಿ. ಎಡಗಡೆಯ ಕೊನೆಗೆ ಬರುವಾಗ ಮಾತ್ರ ಒಂದು ದಾರಿ ಕಡಿಯಿತು, ವಾಪಸ್ ತಿರುಗಿಸಿದರೆ ಮತ್ತೆ ಬಂತು. ಪಟ್ಟಿಯೊಳಗೆ ಎಲ್ಲೋ ಸೀಳು ಬಿಟ್ಟಿದೆ. ಇದೇ ಸೀಳು ಏರ್‌ಬ್ಯಾಗಿನ ದಾರಿಯಲ್ಲಿ ಇದ್ದಿದ್ದರೆ? ಮಾರಿದವರು ‘ಚೆಕ್ ಮಾಡಿದ್ದು’ ಅಂತ ಚೀಟಿ ಅಂಟಿಸಿದ್ದರು. ವಾಪಸ್ ಕಳಿಸಿ ಹೊಸದನ್ನೇ ತರಿಸಿದೆ. ಮಿಕ್ಕದ್ದೆಲ್ಲ ಹಳೆಯದು ಹಾಕಬಹುದು, ಸ್ಪೈರಲ್ ಕೇಬಲ್ ಮಾತ್ರ ಹೊಸದೇ ಇರಲಿ.

ಸ್ಟೇರಿಂಗ್ ಬಿಚ್ಚುವಾಗ ಆತುರ ಬೇಡ. ಚಕ್ರ ನೇರ ಮಾಡಿ, ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ಬಿಚ್ಚಿ ಕನಿಷ್ಠ 90 ಸೆಕೆಂಡು ಕಾಯಬೇಕು ಅಂತ ಕಂಪನಿಯ ನಿಯಮ. ಏರ್‌ಬ್ಯಾಗ್ ಕಂಪ್ಯೂಟರಿನಲ್ಲಿ ಉಳಿದ ವಿದ್ಯುತ್ ಇಳಿಯಲು ಅಷ್ಟು ಹೊತ್ತು ಬೇಕು. ನಾನು ಅದಕ್ಕಿಂತ ಬಹಳ ಜಾಸ್ತಿಯೇ ಕಾದೆ. ಎರಡೂ ಪಕ್ಕದ ಟಾರ್ಕ್ಸ್ ಸ್ಕ್ರೂ ಸಡಿಲ ಮಾಡಿದರೆ ಏರ್‌ಬ್ಯಾಗ್ ಮುಂದೆ ಬರುತ್ತದೆ. ಹಳದಿ ಕನೆಕ್ಟರಿನ ಲಾಕ್ ಎತ್ತಿ ಬಿಡಿಸಿ, ಏರ್‌ಬ್ಯಾಗನ್ನು ಮುಖ ಮೇಲಾಗಿ, ಯಾರೂ ಓಡಾಡದ ಕಡೆ ಇಡಬೇಕು. ಅದಕ್ಕೆ ಮಲ್ಟಿಮೀಟರ್ ಹಿಡಿಯಲೇಬಾರದು, ಮೀಟರಿನಿಂದ ಹೋಗುವ ಸಣ್ಣ ಕರೆಂಟೂ ಅದಕ್ಕೆ ಅಪಾಯ. ನಡುವಿನ 19 ಎಂಎಂ ನಟ್ಟನ್ನು ಪೂರ್ತಿ ತೆಗೆಯದೆ ಕೆಲವು ಸುತ್ತು ಉಳಿಸಿ, ಆಮೇಲೆ ಸ್ಟೇರಿಂಗ್ ಎಳೆದೆ. ಇಲ್ಲದಿದ್ದರೆ ಅದು ತಟ್ಟನೆ ಬಿಟ್ಟುಕೊಂಡು ಮುಖಕ್ಕೇ ಬಡಿಯುತ್ತದೆ. ಶಾಫ್ಟಿಗೂ ಸ್ಟೇರಿಂಗಿಗೂ ಸೇರುವಂತೆ ಮೊದಲೇ ಬಣ್ಣದ ಗೆರೆ ಎಳೆದಿಟ್ಟಿದ್ದೆ.

ಹೊಸ ಕೇಬಲನ್ನು ನಡುವಿಗೆ ತರುವುದು ಮುಖ್ಯ. ಕೈಯಲ್ಲೇ ಎಡಕ್ಕೆ, ಬಿಗಿ ಅನ್ನಿಸುವವರೆಗೆ ಮೆಲ್ಲಗೆ ತಿರುಗಿಸಿ, ಅಲ್ಲಿಂದ ಬಲಕ್ಕೆ ಸುಮಾರು ಎರಡೂವರೆ ಸುತ್ತು ತಂದರೆ ಗುರುತುಗಳು ಎದುರುಬದುರಾಗುತ್ತವೆ. ಇದನ್ನು ಬಿಟ್ಟರೆ ಮೊದಲನೇ ಯೂ ಟರ್ನ್‌ನಲ್ಲೇ ಒಳಗಿನ ಪಟ್ಟಿ ಹರಿಯಬಹುದು. ನಟ್ಟನ್ನು ಟಾರ್ಕ್ ರೆಂಚಿನಲ್ಲಿ 50 ನ್ಯೂಟನ್ ಮೀಟರ್‌ಗೆ ಬಿಗಿಮಾಡಿದೆ. ಈ ಅಂಕಿಯನ್ನು ನಿಮ್ಮ ಮಾಡೆಲ್‌ನ ಪುಸ್ತಕದಲ್ಲೇ ನೋಡಿಕೊಳ್ಳಿ.

ಆಡಿಯೋ ಗುಂಡಿಗಳದ್ದೂ ಅದೇ ರೆಸಿಸ್ಟರ್ ಲೆಕ್ಕ. ಪ್ಯಾಡಿನಿಂದ ಬರುವ ಎಯು-1 ಅನ್ನುವ ವೈರಿನಲ್ಲಿ ಮುಂದಿನ ಸ್ಟೇಷನ್‌ಗೆ ಸುಮಾರು ಸೊನ್ನೆ, ಹಿಂದಿನದಕ್ಕೆ 329 ಓಮ್, ವಾಲ್ಯೂಮ್ ಜಾಸ್ತಿ ಮಾಡಲು 1000, ಕಡಿಮೆ ಮಾಡಲು 3110. ಎಯು-2ರಲ್ಲಿ ಮೋಡ್ ಗುಂಡಿ. ಇವೆರಡನ್ನು ಹೊಸ ಸೆಟ್ಟಿನ ಕೀ 1, ಕೀ 2ಕ್ಕೆ ಸೇರಿಸಿದರೆ ಆಯಿತು. ಸೆಟ್ ಆ ವೈರಿಗೆ ಸಣ್ಣ ವೋಲ್ಟೇಜ್ ಕೊಟ್ಟಿರುತ್ತದೆ, ಗುಂಡಿ ಒತ್ತಿದಾಗ ಅದು ಎಷ್ಟು ಇಳಿಯಿತು ಅಂತ ನೋಡಿ ಯಾವ ಗುಂಡಿ ಅಂತ ಗುರುತು ಹಿಡಿಯುತ್ತದೆ. ಇಲ್ಲಿ ಗ್ರೌಂಡ್ ವೈರಿನ ಬಗ್ಗೆ ಒಂದು ಮಾತು. ಮೂರನೇ ವೈರು ಇಎಯು ಅಂತ ಇರುತ್ತದೆ, ಅದನ್ನು ಹತ್ತಿರದ ಯಾವುದೋ ಬೋಲ್ಟಿಗೆ ಸಿಕ್ಕಿಸಬೇಡಿ, ಸೆಟ್ಟಿನ ಗ್ರೌಂಡಿಗೇ ಕೊಡಿ. ಬೋಲ್ಟಿನಲ್ಲಿ ತುಕ್ಕು ಇದ್ದು ರೆಸಿಸ್ಟೆನ್ಸ್ ಸ್ವಲ್ಪ ಸೇರಿಕೊಂಡರೂ ಸೆಟ್ಟಿಗೆ ಗುಂಡಿಗಳ ಗುರುತು ತಪ್ಪುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸ್ಟೇರಿಂಗ್ ಗುಂಡಿಯ ಪುಟ ತೆರೆದು, ಗುಂಡಿ ಒತ್ತಿ ಹಿಡಿದು, ಪರದೆಯ ಮೇಲೆ ಅದರ ಕೆಲಸ ಆರಿಸಿದರೆ ಕಲಿತುಕೊಳ್ಳುತ್ತದೆ. ಕಲಿಸುವಾಗ ಎಂಜಿನ್ ಚಾಲೂ ಇಟ್ಟು, ಸ್ಟೇರಿಂಗ್ ಎರಡೂ ಕೊನೆಗೆ ತಿರುಗಿಸಿ ಮತ್ತೆ ಒತ್ತಿ ನೋಡಿದೆ. ಎಲ್ಲ ಸರಿಯಾಗಿ ಬಂತು.

ಕ್ರೂಸಿನ ವೈರನ್ನು ಸ್ಟೇರಿಂಗ್ ಕೆಳಗಿನಿಂದ ಗ್ಲವ್ ಬಾಕ್ಸ್ ಹಿಂದಿನ ಇಸಿಯುವರೆಗೆ ಡ್ಯಾಶ್‌ಬೋರ್ಡಿನ ಕಬ್ಬಿಣದ ಅಡ್ಡಪಟ್ಟಿಗೆ ಕಟ್ಟುತ್ತಾ ಒಯ್ದೆ. ಪೆಡಲ್‌ಗಳ ಹತ್ತಿರ ಒಂದು ಎಳೆಯೂ ನೇತಾಡಬಾರದು. ಹಳದಿ ಹೊದಿಕೆಯ ಏರ್‌ಬ್ಯಾಗ್ ವೈರುಗಳ ಜೊತೆ ಸೇರಿಸಿ ಕಟ್ಟಬಾರದು. ವೈರು ಸುಲಿದು ಸುತ್ತಿ ಟೇಪ್ ಹಚ್ಚುವ ಪದ್ಧತಿ ನನಗೆ ಆಗದು. ಬೇಸಿಗೆಯ ಬಿಸಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಎಲ್ಲ ಜೋಡಣೆಗೂ ಟರ್ಮಿನಲ್ ಒತ್ತಿಯೇ ಹಾಕಿದೆ. ಎಲ್ಲ ಸೇರಿಸಿದ ಮೇಲೆ ಕೀ ಆನ್ ಮಾಡಿದರೆ ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡು ಹತ್ತಿ ಆರಬೇಕು. ಆರದಿದ್ದರೆ ಕಾರು ಹೊರಗೆ ತೆಗೆಯಬೇಡಿ.

ಪರೀಕ್ಷೆಗೆ ಒಣಗಿದ, ನೇರವಾದ, ವಾಹನ ಇಲ್ಲದ ರಸ್ತೆ ಬೇಕು. 40 ಕಿಲೋಮೀಟರಿಗಿಂತ ಕಡಿಮೆ ವೇಗದಲ್ಲಿ ಸೆಟ್ ಆಗುವುದಿಲ್ಲ, ಅದು ಸರಿಯಾದದ್ದೇ. 60ರಲ್ಲಿ ಸೆಟ್ ಒತ್ತಿ ಕಾಲು ತೆಗೆದೆ. ಹಿಡಿದುಕೊಂಡಿತು. ಖುಷಿಪಡುವ ಮೊದಲು ಬಿಡುತ್ತದೆಯಾ ಅಂತ ನೋಡಿದೆ. ಬ್ರೇಕನ್ನು ಬೆರಳು ತಾಗಿಸಿದಷ್ಟು ಹಗುರವಾಗಿ ಒತ್ತಿದಾಗ ಬಿಟ್ಟಿತು. ಮತ್ತೆ ಸೆಟ್, ಲಿವರ್ ಎಳೆದಾಗಲೂ ಬಿಟ್ಟಿತು. ಡಿ ಇಂದ ನ್ಯೂಟ್ರಲ್‌ಗೆ ತಂದಾಗಲೂ ಬಿಟ್ಟಿತು, ಎಂಜಿನ್ ಅರಚಲಿಲ್ಲ. ಆನ್-ಆಫ್ ಗುಂಡಿಗೂ ಅಷ್ಟೇ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಇಸಿಯು ಪಿನ್ನಿನಿಂದ ಆ ವೈರು ಕಿತ್ತಿಡಬೇಕು. ರೆಸ್ಯೂಮ್ ಪರೀಕ್ಷೆ ಇದಾದ ಮೇಲೆ. ಇಳಿಜಾರಿನಲ್ಲಿ ಈ ಹಳೆಯ ಕ್ರೂಸ್ ಬ್ರೇಕ್ ಹಾಕುವುದಿಲ್ಲ, ಥ್ರಾಟಲ್ ಮುಚ್ಚುತ್ತದೆ ಅಷ್ಟೇ, ಹಾಗಾಗಿ ವೇಗ ಏರುತ್ತದೆ. ಮಳೆಯಲ್ಲಿ, ದಟ್ಟಣೆಯಲ್ಲಿ ನಾನು ಇದನ್ನು ಮುಟ್ಟುವುದೇ ಇಲ್ಲ.

ಗುಂಡಿಗಳ ಒಳಗಿನ ದೀಪಕ್ಕೆ ಇನ್ನೊಂದು ವೈರು ಇದೆ. ಅದನ್ನು ಡ್ಯಾಶ್‌ಬೋರ್ಡ್ ದೀಪದ ಲೈನಿಗೆ ಕೊಟ್ಟಿದ್ದೇನೆ, ಹೆಡ್‌ಲೈಟ್ ಹಾಕಿದರೆ ಹತ್ತುತ್ತದೆ. ಫೋನ್ ಎತ್ತುವ, ಇಡುವ ಗುಂಡಿ ಇರುವ ಪ್ಯಾಡ್ ಸಿಕ್ಕವರಿಗೆ ಬೇರೆ ವೈರಿಂಗ್ ಬೇಡ. ಅವೂ ಎಯು-2ರಲ್ಲೇ ಬರುತ್ತವೆ, ಒಂದಕ್ಕೆ 329, ಇನ್ನೊಂದಕ್ಕೆ 1000 ಓಮ್. ಸೆಟ್ಟಿಗೆ ಕಲಿಸಿದರೆ ಸಾಕು.