ಲಸಿಕೆ ಸುದ್ದಿಯ ಒಲವು ಅಳೆದದ್ದು: ನನ್ನ ಅನುಭವ

‘ಸುದ್ದಿಗೆ ಬಣ್ಣ ಇರೋದು ಎಲ್ಲರಿಗೂ ಗೊತ್ತು, ಅಳೆಯೋಕೆ ಮಾತ್ರ ಆಗಲ್ಲ’ ಅಂತ ವಿಭಾಗದ ಹಿರಿಯರು ಕೈಚೆಲ್ಲಿದ್ದರು. ಅಳೆದಾಯಿತು.

ನಾನು ಹಿಡಿದದ್ದು ಭಾರತ್ ಬಯೋಟೆಕ್ ಕಂಪನಿಯ ಕೋವಿಡ್ ಲಸಿಕೆ ಕೋವ್ಯಾಕ್ಸಿನ್ ಕುರಿತ ಸುದ್ದಿಗಳನ್ನು. 2021ರ ಜನವರಿ 3ರಂದು ಅನುಮತಿ ಸಿಕ್ಕಾಗ ಅದರ ಮೂರನೇ ಹಂತದ, ಅಂದರೆ ಸಾವಿರಾರು ಜನರ ಮೇಲಿನ ಕೊನೆಯ ಪ್ರಯೋಗದ, ಫಲಿತಾಂಶ ಬಂದಿರಲಿಲ್ಲ. ಹಿಂದಿನ ದಿನವೇ ಸಮಾಜವಾದಿ ಪಕ್ಷದ ಅಖಿಲೇಶ್ ಯಾದವ್ ‘ಬಿಜೆಪಿ ಲಸಿಕೆ’ ಬೇಡ ಎಂದಿದ್ದರು. ಅನುಮತಿ ಬಂದೊಡನೆ ಕಾಂಗ್ರೆಸ್‌ನ ಶಶಿ ತರೂರ್, ಜೈರಾಂ ರಮೇಶ್ ಪ್ರಶ್ನೆ ಎತ್ತಿದರು. ವಿಜ್ಞಾನದ ಪ್ರಶ್ನೆ ನೋಡನೋಡುತ್ತಲೇ ಪಕ್ಷದ ಪ್ರಶ್ನೆಯಾಯಿತು.

ಮೊದಲು ಎಲ್ಲರಂತೆ ‘ಪರ, ವಿರೋಧ, ತಟಸ್ಥ’ ಎಂದು ಕೋಡಿಂಗ್, ಅಂದರೆ ಸುದ್ದಿ ಓದಿ ಗುರುತು ಹಾಕುವ ಕೆಲಸ, ಮಾಡಿಸಿದೆ. ಇಬ್ಬರು ವಿದ್ಯಾರ್ಥಿಗಳಿಗೆ ಒಂದೇ ಸುದ್ದಿ ಕೊಟ್ಟರೆ ಅರ್ಧದಷ್ಟೂ ತಾಳೆಯಾಗಲಿಲ್ಲ. ಪತ್ರಿಕೆಯ ಹೆಸರು ಕತ್ತರಿಸಿ ಕೊಟ್ಟೆ. ಫಾಂಟ್ ನೋಡಿಯೇ ‘ಇದು ಇಂಥ ಪೇಪರ್’ ಎಂದು ಗುರುತಿಸಿ, ಓದುವ ಮೊದಲೇ ಟಿಕ್ ಹಾಕುತ್ತಿದ್ದರು. ಚಿತ್ರದಿಂದ ಅಕ್ಷರ ಓದುವ ಓಸಿಆರ್ ತಂತ್ರಾಂಶಕ್ಕೆ ಕೊಟ್ಟರೆ ಜೆರಾಕ್ಸಿನ ಒತ್ತಕ್ಷರಗಳೆಲ್ಲ ಕಲಸಿಹೋದವು. ಕೊನೆಗೆ ಡಿಟಿಪಿ ಅಂಗಡಿಯಲ್ಲಿ ಪುಟಕ್ಕೆ ಇಪ್ಪತ್ತೈದು ರೂಪಾಯಿಯಂತೆ ನಾನೂರು ಚಿಲ್ಲರೆ ಸುದ್ದಿ ಮರುಟೈಪ್ ಮಾಡಿಸಿದೆ. ಹತ್ತು–ಹನ್ನೆರಡು ಸಾವಿರ ನನ್ನ ಜೇಬಿನಿಂದಲೇ ಹೋಯಿತು. ಅನುದಾನ ನಯಾಪೈಸೆ ಇಲ್ಲ.

ಧಾಟಿ ಕೇಳುವುದನ್ನೇ ಬಿಟ್ಟೆ. ಉಳಿದದ್ದು ಎರಡು ಪ್ರಶ್ನೆ. ಸುದ್ದಿಯಲ್ಲಿ ಮೊದಲು ಮಾತಾಡಿದ್ದು ಯಾರು: ಸಚಿವರೋ, ವಿರೋಧ ಪಕ್ಷದವರೋ, ವೈದ್ಯರೋ? ಮೂರನೇ ಹಂತದ ಮಾತು ಎಷ್ಟನೇ ಪ್ಯಾರಾದಲ್ಲಿ ಬಂತು? ತಾಳೆ ಹತ್ತಕ್ಕೆ ಒಂಬತ್ತರ ಹತ್ತಿರ ಹೋಯಿತು. ಫೋಟೊಗೆ ಸಂಬಂಧಿಸಿದ ಮೂರನೇ ಕಾಲಂ ಒಂದಿದೆ. ಪ್ರಬಂಧ ಅಚ್ಚಾಗುವವರೆಗೆ ಅದನ್ನು ಬಿಟ್ಟುಕೊಡಲಾರೆ.

ನಡುವೆ ಇದೇ ವಿಧಾನವನ್ನು 2017ರ ಫೆಬ್ರುವರಿಯ ದಡಾರ–ರುಬೆಲ್ಲಾ ಅಭಿಯಾನದ ಸುದ್ದಿಗಳ ಮೇಲೂ ನೋಡಿದೆ. ಆಗ ವಾಟ್ಸ್‌ಆ್ಯಪ್ ವದಂತಿಗಳಿದ್ದವು, ಆದರೆ ಪಕ್ಷಗಳು ಲಸಿಕೆ ಹಿಡಿದು ಕಚ್ಚಾಡಿರಲಿಲ್ಲ. ಪತ್ರಿಕೆಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನನ್ನ ಅಳತೆ ಸರಿಯಿದೆ ಎಂಬ ಧೈರ್ಯ ಬಂದದ್ದೇ ಆಗ.

ಕೋವ್ಯಾಕ್ಸಿನ್‌ಗೆ ಬಂದರೆ, ನನ್ನ ಕಟ್ಟಿನಲ್ಲಿ ಸರ್ಕಾರದತ್ತ ವಾಲುವ ಪತ್ರಿಕೆಗಳು ಜನವರಿಯಲ್ಲಿ ಮೂರನೇ ಹಂತವನ್ನು ಆರೇಳನೇ ಪ್ಯಾರಾಕ್ಕೆ ತಳ್ಳಿದ್ದವು. ಎದುರು ಒಲವಿನವು ತಲೆಬರಹದಲ್ಲೇ ಕೂರಿಸಿದ್ದವು. ಮಾರ್ಚ್ 1ರಂದು ಪ್ರಧಾನಿ ಅದೇ ಲಸಿಕೆ ಹಾಕಿಸಿಕೊಂಡರು. 3ರಂದು ಕಂಪನಿ ಮೂರನೇ ಹಂತದ ಮಧ್ಯಂತರ ಫಲಿತಾಂಶ ಪ್ರಕಟಿಸಿತು: ಲಸಿಕೆ ಶೇ 81ರಷ್ಟು ಪರಿಣಾಮಕಾರಿ. ಅಲ್ಲಿಗೆ ಎಲ್ಲ ಅದಲುಬದಲು. ಮೂರನೇ ಹಂತವನ್ನು ಮುಚ್ಚಿಟ್ಟವರಿಗೆ ಈಗ ಅದೇ ಮುಖಪುಟ, ಪಟ್ಟುಹಿಡಿದು ಕೇಳಿದ್ದವರಿಗೆ ಒಳಪುಟದ ಮೂಲೆ!

ವೈದ್ಯರು ಮೊದಲು ಮಾತಾಡಿದ ಸುದ್ದಿ ಮಾತ್ರ ಎರಡೂ ಕಡೆ ಹತ್ತಕ್ಕೆ ಒಂದೂ ಇರಲಿಲ್ಲ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ. ಕೈಚೆಲ್ಲಿದ್ದ ಹಿರಿಯರು ಮೊನ್ನೆ ಕೋಡಿಂಗ್ ಶೀಟ್ ಕೇಳಿ ಪಡೆದರು. ಕೊಟ್ಟೆ, ಮೂರನೇ ಕಾಲಂ ತೆಗೆದು.