ನಿರುದ್ಯೋಗ ದರ ಓದುವ ಮೊದಲು ಛೇದ ನೋಡಿ

ಪೇಪರಿನಲ್ಲಿ ‘ನಿರುದ್ಯೋಗ ಶೇ 5’ ಎಂದು ಬಂದರೆ ನೂರು ಜನರಲ್ಲಿ ಐವರಿಗೆ ಕೆಲಸವಿಲ್ಲ ಎಂದರ್ಥವಲ್ಲ. ಕೆಲಸದಲ್ಲಿ ಇರುವವರು ಮತ್ತು ಕೆಲಸ ಬೇಕೆನ್ನುವವರು, ಇವರಿಬ್ಬರನ್ನು ಕೂಡಿಸಿದರೆ ಸಿಗುವುದು ಶ್ರಮಶಕ್ತಿ. ಆ ನೂರರಲ್ಲಿ ಐವರು. ಓದುವ ಮಕ್ಕಳು, ಮನೆಗೆಲಸ ಮಾತ್ರ ನೋಡಿಕೊಳ್ಳುವವರು, ಕೆಲಸದ ಆಸೆಯನ್ನೇ ಬಿಟ್ಟವರು ಈ ಲೆಕ್ಕದಿಂದ ಹೊರಗೆ.

ಬೇಲೂರು ಕಡೆಯ ಒಂದು ಊರಲ್ಲಿ 15 ವರ್ಷ ತುಂಬಿದವರು 200 ಮಂದಿ ಎಂದಿಟ್ಟುಕೊಳ್ಳಿ. ದುಡಿಯುವವರು 114, ಕೆಲಸ ಹುಡುಕುವವರು 6. ಶ್ರಮಶಕ್ತಿ 120, ಅಂದರೆ ಜನಸಂಖ್ಯೆಯ ಶೇ 60. ದುಡಿಯುವವರು ಜನಸಂಖ್ಯೆಯ ಶೇ 57; ಇದೇ ಉದ್ಯೋಗ ದರ. ನಿರುದ್ಯೋಗ ದರ 6 ಭಾಗಿಸು 120, ಶೇ 5. ಈಗ ಆ ಆರರಲ್ಲಿ ಮೂವರು ಬೇಸತ್ತು ಹುಡುಕುವುದನ್ನೇ ಬಿಟ್ಟರು. ದರ 3 ಭಾಗಿಸು 117, ಸುಮಾರು ಶೇ 2.6ಕ್ಕೆ ಇಳಿಯಿತು. ಒಬ್ಬರಿಗೂ ಕೆಲಸ ಸಿಕ್ಕಿಲ್ಲ, ಉದ್ಯೋಗ ದರ ಶೇ 57ರಲ್ಲೇ ನಿಂತಿದೆ. ಹಾಗಾಗಿ ಶ್ರಮಶಕ್ತಿ, ಉದ್ಯೋಗ, ನಿರುದ್ಯೋಗ ಈ ಮೂರೂ ದರಗಳನ್ನು ಒಟ್ಟಿಗೇ ಬರೆದುಕೊಂಡು ಕೂರಿ.

ದೇಶದ ಅಧಿಕೃತ ಅಂಕಿ ಬರುವುದು ಕೇಂದ್ರ ಸಾಂಖ್ಯಿಕ ಸಚಿವಾಲಯದ ಪಿಎಲ್‌ಎಫ್‌ಎಸ್ (ನಿಯತಕಾಲಿಕ ಶ್ರಮಶಕ್ತಿ) ಸಮೀಕ್ಷೆಯಿಂದ, ಇದು 2017ರಿಂದ ನಡೆಯುತ್ತಿದೆ. ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ನೋಂದಾಯಿಸಿದವರ ಪಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಎರಡು ಅಳತೆಗೋಲುಗಳಿವೆ, ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲೇ.

ಮೊದಲನೆಯದು ‘ಸಾಮಾನ್ಯ ಸ್ಥಿತಿ’. ಹಿಂದಿನ 365 ದಿನಗಳಲ್ಲಿ ಹೆಚ್ಚು ಕಾಲ ಏನು ಮಾಡಿದಿರಿ ಎಂದು ನೋಡುತ್ತಾರೆ. ಜೊತೆಗೆ 30 ದಿನ ಇಲ್ಲವೇ ಅದಕ್ಕಿಂತ ಹೆಚ್ಚು ಉಪಕೆಲಸ ಮಾಡಿದ್ದರೂ ಉದ್ಯೋಗಿಯೇ. ಎರಡನೆಯದು ‘ವಾರದ ಸ್ಥಿತಿ’. ಹಿಂದಿನ 7 ದಿನಗಳಲ್ಲಿ ಯಾವುದಾದರೂ ಒಂದು ದಿನ, ಒಂದೇ ಒಂದು ಗಂಟೆ ದುಡಿದಿದ್ದರೂ ಸಾಕು, ಉದ್ಯೋಗಿ.

ಮೂಡಿಗೆರೆಯ ಕಾಫಿ ತೋಟದಲ್ಲಿ ಹಣ್ಣು ಕೊಯ್ಲಿಗೆ 45 ದಿನ ಹೋಗಿ, ಉಳಿದ ಕಾಲ ಮನೆಯಲ್ಲೇ ಇರುವ ಹೆಂಗಸನ್ನು ಜುಲೈನಲ್ಲಿ ಕೇಳಿದರೆ? ಸಾಮಾನ್ಯ ಸ್ಥಿತಿಯಲ್ಲಿ ಆಕೆ ಉದ್ಯೋಗಿ. ವಾರದ ಸ್ಥಿತಿಯಲ್ಲಿ, ಮಳೆ ಹಿಡಿದು ಇಡೀ ವಾರ ಕೂಲಿ ಸಿಗದಿದ್ದಾಗ, ‘ಕರೆದರೆ ಬರ್ತೀನಿ’ ಅಂದರೆ ನಿರುದ್ಯೋಗಿ, ‘ಈಗ ಬೇಡ’ ಅಂದರೆ ಶ್ರಮಶಕ್ತಿಯಿಂದಲೇ ಹೊರಗೆ. ಒಬ್ಬಳೇ ಹೆಂಗಸು, ಮೂರು ಉತ್ತರ. ಮೂರೂ ನಿಯಮದ ಪ್ರಕಾರ ಸರಿ.

ಹೀಗಾಗಿ 2023-24ರ ವಾರ್ಷಿಕ ವರದಿಯಲ್ಲಿ ಸಾಮಾನ್ಯ ಸ್ಥಿತಿಯ ನಿರುದ್ಯೋಗ ಶೇ 3.2, ಅದೇ ವರ್ಷದ ವಾರದ ಸ್ಥಿತಿ ಶೇ 4.9. 2025ರಿಂದ ಪ್ರತಿ ತಿಂಗಳೂ ಬರುವ ಬುಲೆಟಿನ್ ವಾರದ ಸ್ಥಿತಿಯದ್ದು. ಏಪ್ರಿಲ್ 2025ಕ್ಕೆ ಶೇ 5.1. ‘3.2ರಿಂದ 5.1ಕ್ಕೆ ಜಿಗಿಯಿತು’ ಎಂದು ಬರೆದವರು ಸೇರನ್ನು ಕೆಜಿಯ ಜೊತೆ ತೂಗಿದ್ದಾರೆ. ಸಮೀಕ್ಷೆಯ ವಿಧಾನವೂ 2025ರಲ್ಲಿ ಬದಲಾಗಿದೆ, ಹಳೆಯ ಅಂಕಿಯ ಪಕ್ಕ ಇಡುವಾಗ ಅದನ್ನೂ ಹೇಳಿ. ತಿಂಗಳ ಅಂಕಿಯಲ್ಲಿ ಕೊಯ್ಲು, ಬಿತ್ತನೆಯ ಏರಿಳಿತ ಕಳೆದಿರುವುದಿಲ್ಲ. ಜೂನ್‌ ಅನ್ನು ಹಿಂದಿನ ಜೂನ್‌ಗೇ ಹೋಲಿಸಿ, ಮೇ ತಿಂಗಳಿಗಲ್ಲ.

ಉದ್ಯೋಗ ದರ ಏರಿತೆಂದು ಹಿಗ್ಗುವ ಮೊದಲು ಯಾವ ಉದ್ಯೋಗ ಎಂದೂ ನೋಡಿ. 2017-18ರಲ್ಲಿ ಶೇ 46.8 ಇದ್ದದ್ದು 2023-24ರಲ್ಲಿ ಶೇ 58.2 ಆಯಿತು. ಆದರೆ ದುಡಿಯುವವರಲ್ಲಿ ಶೇ 58.4 ಮಂದಿ ಸ್ವಂತ ಉದ್ಯೋಗದವರು. ಅದರೊಳಗೆ ಮನೆಯ ಜಮೀನು, ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿಯುವವರೂ ಸೇರಿದ್ದಾರೆ. ಎಂಜಿನಿಯರಿಂಗ್ ಮುಗಿಸಿ ಅಪ್ಪನ ಆಲೂಗೆಡ್ಡೆ ಹೊಲದಲ್ಲಿ ನಿಂತ ಹಾಸನದ ಹುಡುಗ ಸಮೀಕ್ಷೆಯಲ್ಲಿ ಕೋಡ್ 21 (ಮನೆಯ ಉದ್ಯಮದಲ್ಲಿ ಸಂಬಳವಿಲ್ಲದ ಸಹಾಯಕ), ಅಂದರೆ ಉದ್ಯೋಗಿ. ತಿಂಗಳ ಸಂಬಳದವರು ಶೇ 21.7 ಮಾತ್ರ. ಈ ಕೋಷ್ಟಕ ವರದಿಯ ಒಳಪುಟದಲ್ಲಿರುತ್ತದೆ, ಸುದ್ದಿಯಲ್ಲಿ ಬರುವುದು ಅಪರೂಪ.

ವಯಸ್ಸನ್ನೂ ಗಮನಿಸಿ. ಮೇಲಿನ ಶೇ 3.2 ಎಂಬುದು 15 ಮತ್ತು ಮೇಲ್ಪಟ್ಟ ಎಲ್ಲರದು. 15ರಿಂದ 29ರವರದು ಅದೇ ವರ್ಷ ಶೇ 10.2. ಇನ್ನು ವಾಟ್ಸ್ಆ್ಯಪ್‌ನಲ್ಲಿ ‘ಚಿಕ್ಕಮಗಳೂರು ಜಿಲ್ಲೆಯ ಈ ತಿಂಗಳ ನಿರುದ್ಯೋಗ’ ಎಂದು ಬಂದರೆ ಯಾವ ಸಮೀಕ್ಷೆ ಎಂದು ಕೇಳಿ. ಪಿಎಲ್‌ಎಫ್‌ಎಸ್‌ನ ಮಾಸಿಕ ಬುಲೆಟಿನ್ ಇಡೀ ದೇಶದ್ದು, ಜಿಲ್ಲೆಯ ಅಂಕಿ ಅದರಲ್ಲಿ ಇರುವುದಿಲ್ಲ.