ಜೂಮ್ ಮಾರಿ ಪ್ರೈಮ್ ಹಿಡಿದ ಕಥೆ

ಕ್ಯಾಮೆರಾದ ಜೂಮ್ ಲೆನ್ಸ್ ಮಾರಿ, ಜೂಮ್ ಆಗದ ಪ್ರೈಮ್ ಲೆನ್ಸ್ ತಗೊಂಡೆ ಅಂದಾಗ ಹಕ್ಕಿ ಫೋಟೊ ತೆಗೆಯುವ ಜೊತೆಯವರೆಲ್ಲ ನಕ್ಕಿದ್ದರು. ಅದೂ 500 ಎಂ.ಎಂ. ತನಕ ಹೋಗುತ್ತೆ, ಇದೂ 500. ಬೆಳಕು ಒಳಬಿಡುವ ಕಿಂಡಿ ಅದಕ್ಕೂ ಎಫ್5.6, ಇದಕ್ಕೂ ಎಫ್5.6. ಮತ್ತೆ ಇಷ್ಟು ದುಡ್ಡು ಯಾಕೆ? ಈ ಬೇಸಿಗೆಯಲ್ಲಿ ಭದ್ರಾ ಹಿನ್ನೀರಿನ ರಿವರ್ ಟರ್ನ್ (ನೀರಿಗೆ ಧುಮುಕಿ ಮೀನು ಹಿಡಿಯುವ ಹಕ್ಕಿ) ಚಿತ್ರಗಳನ್ನು ನೋಡಿದ ಮೇಲೆ, ಒಂದು ದಿನಕ್ಕೆ ಲೆನ್ಸ್ ಕೊಡ್ತೀಯಾ ಅಂತ ಕೇಳಿದವರೂ ಅವರೇ.

ಮೊದಲು ಇದ್ದದ್ದು ನಿಕಾನ್ 200–500 ಜೂಮ್. 2.3 ಕೆ.ಜಿ. ನನ್ನ ಡಿ500 ಕ್ಯಾಮೆರಾ ಸೇರಿದರೆ ಮೂರು ದಾಟುತ್ತದೆ. ಜೀಪಿನಲ್ಲಿ ಲೆನ್ಸ್ ಒರಗಿಸಲು ಬೀನ್‌ಬ್ಯಾಗ್ ಇದ್ದರೆ ತೊಂದರೆಯಿಲ್ಲ. ಅದೇ ಹಿನ್ನೀರಿನ ಲಕ್ಕವಳ್ಳಿಯ ದೋಣಿಯಲ್ಲಿ ಕಥೆಯೇ ಬೇರೆ. ಟರ್ನ್ ತೇಲುತ್ತಾ ಬಂದು ತಟ್ಟನೆ ತಿರುಗಿ ನೀರಿಗೆ ಬೀಳುತ್ತದೆ. ಜೂಮ್ ಪೂರ್ತಿ ಎಳೆದರೆ ಮೂತಿ ಉದ್ದವಾಗಿ ಭಾರವೆಲ್ಲ ಮುಂದಕ್ಕೆ. ಅರ್ಧ ಗಂಟೆಗೆ ಎಡಗೈ ನಡುಕ. ಒಂದು ಬೆಳಿಗ್ಗೆ ಸುಮಾರು 900 ಫ್ರೇಮ್ ತೆಗೆದೆ, ಕಣ್ಣು ಶಾರ್ಪ್ ಬಂದದ್ದು 30 ಇರಬಹುದು. ಮೊನೊಪಾಡ್ (ಒಂಟಿ ಕಾಲಿನ ಸ್ಟ್ಯಾಂಡ್) ತಂದರೆ ದೋಣಿಯ ಎಂಜಿನ್ನಿನ ನಡುಕವೂ ಅದರಲ್ಲೇ ಹತ್ತಿ ಬಂತು.

ಒಂದು ರಾತ್ರಿ ಹಳೆಯ ಫೋಲ್ಡರ್ ತೆಗೆದು ಎಕ್ಸಿಫ್ (ಫೋಟೊ ಜೊತೆ ಉಳಿಯುವ ಸೆಟಿಂಗ್ ವಿವರ) ನೋಡಿ ಎಣಿಸಿದೆ. ಹತ್ತರಲ್ಲಿ ಒಂಬತ್ತು 500ರಲ್ಲೇ! ಮಿಕ್ಕಿದ್ದನ್ನೆಲ್ಲ ಸುಮ್ನೆ ಹೊರುತ್ತಿದ್ದೆ.

ನಿಕಾನಿನ ಪ್ರೈಮ್ ಲೆನ್ಸ್ 500 ಪಿಎಫ್ ಒಂದೂವರೆ ಕೆ.ಜಿ.ಗೂ ಕಮ್ಮಿ. ಹೊಸದು ಕೈಗೆಟುಕಲಿಲ್ಲ. ಸೆಕೆಂಡ್ ಹ್ಯಾಂಡ್ 1.7 ಲಕ್ಷದ ಆಸುಪಾಸಿಗೆ ಸಿಕ್ಕಿತು. ಜೂಮಿಗೆ 60 ಸಾವಿರ ಬರುತ್ತೆ ಅಂದುಕೊಂಡಿದ್ದೆ. ಮಳೆಗಾಲ ಪೂರ್ತಿ ಬ್ಯಾಗಿನಲ್ಲೇ ಬಿಟ್ಟು ಫಂಗಸ್ ಹಿಡಿಸಿದ್ದೆ, 42ಕ್ಕೆ ಕೊಟ್ಟೆ. ಮಲೆನಾಡಿನಲ್ಲಿ ಹುಟ್ಟಿದವನಿಗೆ ಇಷ್ಟೂ ಗೊತ್ತಾಗಬಾರದಾ?

ಪ್ರೈಮಿನಲ್ಲೂ ಮೊದಲ ಎರಡು ಟ್ರಿಪ್ ಸೋತೆ. ಜೂಮನ್ನು 200ಕ್ಕೆ ಇಳಿಸಿ ಹಕ್ಕಿ ಹುಡುಕಿ ಮತ್ತೆ ಎಳೆಯುವ ಚಾಳಿ ಬಿದ್ದಿತ್ತು. ಇಲ್ಲಿ ಆ ಆಟ ನಡೆಯಲ್ಲ, ಹಕ್ಕಿ ಫ್ರೇಮಿಗೇ ಸಿಗಲಿಲ್ಲ. ಟೆರೇಸ್ ಮೇಲೆ ಹದ್ದು, ಪಾರಿವಾಳ ಹಿಡಿದು ಮೂರು ವಾರ ಅಭ್ಯಾಸ ಮಾಡಿದೆ, ಎರಡೂ ಕಣ್ಣು ತೆರೆದು. ಆಮೇಲೆ ಶಟರ್ 1/2500 ಸೆಕೆಂಡ್, ಬೆಳಕಿಗೆ ತಕ್ಕಂತೆ ಕ್ಯಾಮೆರಾವೇ ಹೊಂದಿಸುವ ಆಟೋ ಐಎಸ್‌ಒ. 600 ಫ್ರೇಮಿನಲ್ಲಿ ನೂರಕ್ಕೂ ಜಾಸ್ತಿ ಶಾರ್ಪ್. ಫೋಕಸ್ ಮೆನುವಿನಲ್ಲಿ ಏನು ಬದಲಾಯಿಸಿದೆ ಅನ್ನೋದು ಸದ್ಯ ನನ್ನ ಹತ್ತಿರವೇ ಇರಲಿ.

ಹಕ್ಕಿಯನ್ನು 1.4 ಪಟ್ಟು ದೊಡ್ಡದಾಗಿ ತೋರಿಸುವ ಕನ್ವರ್ಟರ್ ಹಾಕಿಯೂ ನೋಡಿದೆ. ಒಳಬರುವ ಬೆಳಕು ಕಮ್ಮಿಯಾಗಿ ಎಫ್8 ಆದರೆ ಡಿ500ನಲ್ಲಿ ಕೆಲಸ ಮಾಡುವ ಫೋಕಸ್ ಪಾಯಿಂಟ್ 15 ಮಾತ್ರ. ಕೂತ ಹಕ್ಕಿಗೆ ಸರಿ, ಟರ್ನಿಗೆ ಬೇಡ.

ಆನೆ ದಡಕ್ಕೆ ಬಂದಾಗ ಮಾತ್ರ ಹೊಟ್ಟೆ ಉರಿಯುತ್ತದೆ. 500ರಲ್ಲಿ ಬರೀ ಕಿವಿ, ಸೊಂಡಿಲು. ಒಮ್ಮೆ ಮೂರು ಫ್ರೇಮ್ ಜೋಡಿಸಲು ಹೋಗಿ ಆನೆಗೆ ಎರಡು ಸೊಂಡಿಲಾಯಿತು. ಮಗಳು ಅದನ್ನೇ ಪ್ರಿಂಟ್ ಹಾಕಿಸಿ ಫ್ರಿಜ್ ಮೇಲೆ ಅಂಟಿಸಿದ್ದಾಳೆ.